ಗುಳ್ಳವ್ವನ ಕಣ್ಣು ಒರೆಸುವ ಕೈ

ಬೆಳಗಿನ ಐದೂವರೆ. ಸದಲಗಾದ ಕುಂಬಾರ ಓಣಿಯಲ್ಲಿ ಇನ್ನೂ ಮಬ್ಬು. ರಾಮವ್ವ ಕುಂಬಾರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ದೂಧಗಂಗೆಯ ದಂಡೆಯಿಂದ ತಂದ ಎರೆಮಣ್ಣು ನಾದುತ್ತಿದ್ದಾರೆ. ಹಿಡಿಮಣ್ಣು ಅಂಗೈಯಲ್ಲಿ ಒಂದು ಸುತ್ತು ತಿರುಗುತ್ತದೆ. ಹೆಬ್ಬೆರಳು ಒತ್ತಿದಲ್ಲಿ ಕೆನ್ನೆ, ಚಿವುಟಿದಲ್ಲಿ ಮೂಗು. ಕೊನೆಗೆ ತಾಟಿನಿಂದ ಎರಡು ಗುಲಗಂಜಿ ಆರಿಸಿ ಕಣ್ಣಿನ ಜಾಗಕ್ಕೆ ಒತ್ತುತ್ತಾರೆ. ಗುಳ್ಳವ್ವ ನೋಡತೊಡಗುತ್ತಾಳೆ.

ಇಂದು 1995ರ ಆಷಾಢದ ಒಂದು ಮಂಗಳವಾರ. ಈ ಭಾಗದ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮನೆಯಲ್ಲಿ ಕೂರಿಸಿ ಆರತಿ ಎತ್ತುತ್ತಾರೆ, ಹಾಡುತ್ತಾರೆ. ಕಡೆಯ ಮಂಗಳವಾರ ಬುತ್ತಿ ಕಟ್ಟಿಕೊಂಡು ಹೋಗಿ ಹೊಳೆಗೆ ಬಿಡುತ್ತಾರೆ. ಹೊತ್ತು ಏರುವ ಮೊದಲೇ ಗಿರಾಕಿಗಳು ಬರುತ್ತಾರೆ. ಬಂದವರದು ಒಂದೇ ಮಾತು: ಕಣ್ಣು ತೆಗೆ. ರಾಮವ್ವ ಗುಲಗಂಜಿ ಕಿತ್ತು, ಒದ್ದೆ ಹೆಬ್ಬೆರಳಿನಿಂದ ಮುಖ ಒರೆಸಿ ಕೊಡುತ್ತಾರೆ.

ಹಾಗಿದ್ದರೆ ಮೊದಲೇ ಕಣ್ಣಿಲ್ಲದೆ ಮಾಡಬಹುದಲ್ಲ ಎಂದು ಪತ್ರಿಕೆಗೆ ಬರೆಯಲು ಬಂದ ನಾವು ಕೇಳಿದರೆ ಅವರು ತಲೆ ಎತ್ತುವುದಿಲ್ಲ. ‘ಮಾಡೂದು ನನ್ನ ಕೆಲಸ ರೀ. ಒರಸೂದು ಅವರ ಕೆಲಸ. ಅದನ್ನೂ ನನ್ನ ಕೈಲೇ ಮಾಡಸ್ತಾರ, ಅಷ್ಟ.’

ಈ ಒರೆಸಾಟದ ಹಿಂದೆ ಒಂದು ಸಿನಿಮಾ ಇದೆ. 1985ರ ಚಳಿಗಾಲದಲ್ಲಿ ಹೊರಗಿನಿಂದ ಬಂದ ಸಣ್ಣ ತಂಡವೊಂದು ಇದೇ ಹೊಳೆದಂಡೆಯಲ್ಲಿ ‘ಗುಳ್ಳವ್ವನ ಪಾಲು’ ಎಂಬ ಚಿತ್ರ ತೆಗೆಯಿತು. ಕಥೆಯ ಹುಡುಗಿಗೆ ಎಂಟು ವರ್ಷ. ತಾಯಿ ನಸುಕಿನಲ್ಲೇ ನಿಪ್ಪಾಣಿಯ ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ದುಡಿಯಲು ಹೋಗುತ್ತಾಳೆ. ಮನೆಯಲ್ಲಿ ಒಂಟಿಯಾದ ಹುಡುಗಿ ಗುಳ್ಳವ್ವನ ಜೊತೆ ಮಾತಾಡುತ್ತಾಳೆ, ತನ್ನ ರೊಟ್ಟಿಯಲ್ಲಿ ಅರ್ಧ ಅವಳ ಮುಂದಿಡುತ್ತಾಳೆ. ಊರ ಹುಡುಗಿಯರೆಲ್ಲ ಗೊಂಬೆಗಳನ್ನು ಹೊಳೆಗೆ ಬಿಟ್ಟ ದಿನ ಇವಳು ತನ್ನದನ್ನು ಬುಟ್ಟಿಯಡಿ ಮುಚ್ಚಿಡುತ್ತಾಳೆ. ಹುಡುಗಿ ಸೊರಗುತ್ತಾಳೆ, ಗೊಂಬೆ ತುಂಬಿಕೊಳ್ಳುತ್ತದೆ. ಕೊನೆಯ ದೃಶ್ಯದಲ್ಲಿ ದಣಿದು ಬಂದ ತಾಯಿ ಒಲೆಯ ಮುಂದೆ ಕೂತು ರೊಟ್ಟಿ ಮುರಿದು ಮೂಲೆಯತ್ತ ಚಾಚುತ್ತಾಳೆ. ಅಲ್ಲಿ ಕೂತಿರುವುದು ಮಗಳೋ ಮಣ್ಣೋ, ಕ್ಯಾಮೆರಾ ತೋರಿಸುವುದಿಲ್ಲ.

ಚಿತ್ರದಲ್ಲಿ ದೆವ್ವವಿಲ್ಲ, ಕಿರುಚಾಟವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಮಕ್ಕಳ ಕಲ್ಪನೆಯನ್ನು ಮುದ್ದು ಮಾಡುವ ಚಿತ್ರಗಳು ಬೇಕಾದಷ್ಟಿವೆ. ಆ ಕಲ್ಪನೆಗೆ ಹಸಿವಾದರೆ ಅದು ಯಾರನ್ನು ತಿನ್ನುತ್ತದೆ ಎಂದು ಕೇಳಿದ ಚಿತ್ರ ಇದು. ಕಳೆದ ವರ್ಷ ಬೆಳಗಾವಿಯ ಚಿತ್ರ ಸಂಘವೊಂದು ಗೀರುಬಿದ್ದ ಪ್ರಿಂಟ್ ತೋರಿಸಿದಾಗ ಮುಕ್ಕಾಲು ಕುರ್ಚಿಗಳು ಖಾಲಿ. ನೋಡಿದವರನ್ನು ಮಾತ್ರ ಗೊಂಬೆಯ ಮುಖ ಬಿಡುವುದಿಲ್ಲ. ದೃಶ್ಯದಿಂದ ದೃಶ್ಯಕ್ಕೆ ಅದು ಕೂದಲೆಳೆಯಷ್ಟು ಬದಲಾಗುತ್ತ ಹೋಗಿ ಆ ಹುಡುಗಿಯದೇ ಮುಖವಾಗುತ್ತದೆ. ಯಾವಾಗ ಆಯಿತೆಂದು ಬೆರಳಿಟ್ಟು ತೋರಿಸಲಾಗದು.

ಆ ಮುಖಗಳೆಲ್ಲ ರಾಮವ್ವನ ಕೈಯವು. ‘ಶೂಟಿಂಗ್ ದೀಪದ ಝಳಕ್ಕ ಗೊಂಬಿ ಸೀಳತಿದ್ವು. ಸೀಳಿದಂಗ ಹೊಸಾದು ಮಾಡಂತಿದ್ರು. ಆ ಹುಡುಗಿ ದಿನಾ ನನ್ನ ಮುಂದ ಕುಂಡರತಿತ್ತು. ಕಣ್ಣ ಏನ ನೋಡತೈತಿ, ಕೈ ಅದನ್ನ ಮಾಡತೈತ್ರಿ.’ ಮೂರನೆಯ ಗೊಂಬೆ ಬಂದಾಗ ನಿರ್ದೇಶಕರು ಬಹಳ ಹೊತ್ತು ಅದನ್ನೇ ನೋಡಿ, ಹೀಗೇ ಮುಂದುವರಿಸಿ ಎಂದರಂತೆ. ಆಮೇಲೆ ಒಂದು ಪತ್ರಿಕೆಗೆ ಅವರು ಹೇಳಿದ್ದು ಬೇರೆ: ಮುಖ ಬದಲಾಗುವ ಆಲೋಚನೆ ತಮಗೇ ಹೊಳೆಯಿತು ಎಂದು. ಚಿತ್ರದ ಹೆಸರುಪಟ್ಟಿಯಲ್ಲಿ ಊಟ ಬಡಿಸಿದವರ ಹೆಸರೂ ಇದೆ. ಗೊಂಬೆಗಳ ಜಾಗದಲ್ಲಿ ‘ಸ್ಥಳೀಯ ಕುಶಲಕರ್ಮಿಗಳು’ ಎಂದಿದೆ. ಬಹುವಚನ. ಇದ್ದವರು ಒಬ್ಬರೇ.

1986ರ ಮೇ ತಿಂಗಳಲ್ಲಿ ಸದಲಗಾದ ಟೆಂಟ್ ಟಾಕೀಸಿಗೆ ಚಿತ್ರ ಬಂತು. ನಮ್ಮೂರ ಸಿನಿಮಾ ಎಂದು ಮೊದಲ ಆಟಕ್ಕೆ ಜನ ಮುಗಿಬಿದ್ದರು. ಅರ್ಧಕ್ಕೇ ಹೆಂಗಸರು ಮಕ್ಕಳ ರಟ್ಟೆ ಹಿಡಿದು ಎದ್ದರು. ಮೂರು ದಿನಕ್ಕೆ ಪೋಸ್ಟರ್ ಇಳಿಯಿತು. ‘ದೆವ್ವಕ್ಕ ಅಂಜಿದ್ದಿಲ್ರಿ ಅವರು,’ ಎನ್ನುತ್ತಾರೆ ರಾಮವ್ವ. ‘ಎಲ್ಲಾರೂ ವಖಾರಿಗಿ ಹೋಗಾವ್ರ. ಮನಿಯಾಗ ಒಂದ ಬಿಟ್ಟ ಬಂದ ಕೂಸು ಕಣ್ಣ ಮುಂದ ಬಂತು. ಅದಕ್ಕ ಎದ್ದ ಹೋದ್ರು.’

ಎರಡು ತಿಂಗಳಿಗೆ ಆಷಾಢ ಬಂತು. ಎದುರು ಮನೆಯ ತಾರವ್ವ ಆಗಲೂ ವಖಾರಿಯ ಕೆಲಸದವರು. ಅವರ ಎಂಟು ವರ್ಷದ ಮಗಳು ರುಕ್ಮಾ ತನ್ನ ಗುಳ್ಳವ್ವನನ್ನು ಹೊಳೆಗೆ ಬಿಡಲೊಲ್ಲದೆ ಬುಟ್ಟಿಯಡಿ ಮುಚ್ಚಿಟ್ಟಳು. ಊಟ ಬಿಟ್ಟಳು. ಜ್ವರ ಏರಿತು. ಓಣಿಯ ಗಂಡಸರು ಬಂದು ರಾಮವ್ವನ ಅಂಗಳದಲ್ಲಿ ಒಣಗುತ್ತಿದ್ದ ಗೊಂಬೆಗಳನ್ನೆಲ್ಲ ಕಾಲಿನಿಂದ ತುಳಿದು ಹೋದರು. ಹುಡುಗಿ ಉಳಿಯಿತು. ವ್ಯಾಪಾರ ಉಳಿಯಲಿಲ್ಲ.

‘ಪಡದೆ ಮ್ಯಾಲ ನನ್ನ ಹೆಸರ ಇಲ್ರಿ. ಬೈಯೂ ಮುಂದ ಮಾತ್ರ ಎಲ್ಲಾರಿಗೂ ನನ್ನ ಹೆಸರ ಗೊತ್ತಿತ್ತು.’

ಮುಂದಿನ ಕೆಲವು ಆಷಾಢಗಳಲ್ಲಿ ರಾಮವ್ವನ ಅಂಗಳಕ್ಕೆ ಯಾರೂ ಬರಲಿಲ್ಲ. ಆಮೇಲೆ ಬಂದರು, ಕಣ್ಣು ತೆಗೆ ಎಂಬ ಕರಾರಿನ ಮೇಲೆ. ಉಳಿದ ದಿನಗಳಲ್ಲಿ ಗಡಿಗೆಗೆ ಗಿರಾಕಿ ಕಡಿಮೆ, ಪ್ಲಾಸ್ಟಿಕ್ ಕೊಡಗಳು ಬಂದಿವೆ. ಬೇಡಕಿಹಾಳದ ಕಬ್ಬಿನ ಜಮೀನುದಾರರ ಹೊಸ ಬಂಗಲೆಗಳಿಗೆ ಹೂಕುಂಡ ಮಾಡುತ್ತಾರೆ. ಗಂಡ ವಿಠೋಬಾ ಚಕ್ಕಡಿಯಲ್ಲಿ ಒಯ್ದು ಕೊಡುತ್ತಾರೆ. ಆ ಸಿನಿಮಾ ಮಾಡಬಾರದಿತ್ತು ಅನಿಸುತ್ತದೆಯೇ? ರಾಮವ್ವ ಮಣ್ಣು ನಾದುವುದನ್ನು ನಿಲ್ಲಿಸುತ್ತಾರೆ. ‘ಯಾಕ್ರಿ? ಛಲೋ ಮಾಡೀನಿ ನಾನು. ಛಲೋ ಆಗಿದ್ದಕ್ಕ ಅಂಜಿದ್ರು. ನನಗ ಬ್ಯಾರೆ ಏನೂ ಬ್ಯಾಡ್ರಿ. ಒಂದ ಗುಳ್ಳವ್ವ ಕಣ್ಣ ಸಮೇತ ಈ ಅಂಗಳಾ ದಾಟಬೇಕು. ಒಂದರೆ.’

ಅಷ್ಟರಲ್ಲಿ ತಾರವ್ವ ಬರುತ್ತಾರೆ. ಗೊಂಬೆಯ ಬೆಲೆಗೆಂದು ಸೆರಗಿನಲ್ಲಿ ಜೋಳ. ಹಿಂದೆ ರುಕ್ಮಾ, ಈಗ ಹದಿನೇಳರ ಹುಡುಗಿ. ತಂಬಾಕಿನ ಘಾಟಿಗೆಂದು ಮೂಗಿಗೆ ಕಟ್ಟುವ ಅರಿವೆ ಕೊರಳಲ್ಲಿದೆ. ಅವಳೂ ಈಗ ತಾಯಿಯ ಜೊತೆ ವಖಾರಿಗೆ ಹೋಗುತ್ತಾಳೆ. ಅವಳ ಕೈ ಹಿಡಿದು ಏಳು ವರ್ಷದ ತಂಗಿ ಸುಂದರಾ.

‘ಚಿಗವ್ವಾ, ಲಗೂ ಕೊಡ ಬೇ, ವಖಾರಿ ಟೆಂಪೋ ಬರತೈತಿ,’ ಎಂದು ತಾರವ್ವ ರಾಮವ್ವನಿಗೆ ಅವಸರ ಮಾಡುತ್ತಾರೆ.

‘ಟೆಂಪೋದಾಂವ ಏನ ನಿನ್ನ ಹೊಸಾ ಅಳಿಯಾ ಏನ? ಕಾಯಲಿ ತಡಿ.’

ಸುಂದರಾ ಸಾಲಿನ ನಡುವಿನ ಒಂದು ಗೊಂಬೆಗೆ ಬೆರಳು ಮಾಡುತ್ತಾಳೆ. ‘ಅವ್ವಾ, ಇಕಿ ಬೇಕು. ನನ್ನ ನೋಡಾಕತ್ತಾಳ ನೋಡು.’

ತಾರವ್ವನ ಮುಖ ಬಿಗಿಯುತ್ತದೆ. ‘ಕಣ್ಣ ತಗಿ, ಚಿಗವ್ವಾ.’

‘ನೋಡಿದ್ರ ಏನಾತು? ನೀವಿಬ್ಬರೂ ಹ್ವಾದ ಮ್ಯಾಲ ಈ ಕೂಸನ್ನ ನೋಡಾವ್ರು ಮತ್ತ ಯಾರ ಅದಾರ?’

ಉತ್ತರ ಬರುವುದು ರುಕ್ಮಾಳಿಂದ, ತಗ್ಗಿದ ದನಿಯಲ್ಲಿ. ‘ತಗಿ ಆಯಿ. ನನಗ ಗೊತ್ತೈತಿ.’

ರಾಮವ್ವ ಅವಳನ್ನು ಒಂದು ಸಲ ನೋಡಿ ಗುಲಗಂಜಿ ಕೀಳುತ್ತಾರೆ. ಹೆಬ್ಬೆರಳು ನೀರಿಗದ್ದಿ ಕಣ್ಣು, ಮೂಗು, ಬಾಯಿ ಒರೆಸುತ್ತಾರೆ. ನುಣುಪಾದ ಮಣ್ಣುಂಡೆ ಸುಂದರಾಳ ಎಡಗೈ ಸೇರುತ್ತದೆ. ತಾರವ್ವ ಜೋಳ ಸುರಿಯಲು ಬಾಗುತ್ತಾರೆ. ಆಗ ಸುಂದರಾಳ ಬಲಗೈ ಗುಲಗಂಜಿಯ ತಾಟಿಗೆ ಹೋಗಿ ಮುಷ್ಟಿಯಾಗಿ ಹಿಂದೆ ಸರಿಯುತ್ತದೆ.

ಟೆಂಪೋ ಹಾರ್ನ್ ಕೇಳುತ್ತದೆ. ತಾಯಿ, ಅಕ್ಕ ಓಡುತ್ತಾರೆ. ಎದುರು ಮನೆಯ ಹೊಸ್ತಿಲಲ್ಲಿ ಸುಂದರಾ ಒಬ್ಬಳೇ ಕೂರುತ್ತಾಳೆ, ಗೊಂಬೆ ತೊಡೆಯ ಮೇಲೆ, ಮುಷ್ಟಿ ಇನ್ನೂ ಬಿಗಿ. ಓಣಿ ಖಾಲಿಯಾದ ಮೇಲೆ ಅದು ಬಿಚ್ಚಿಕೊಳ್ಳುತ್ತದೆ. ಅವಳು ತಲೆ ಬಾಗಿಸಿ ಹೆಬ್ಬೆರಳಿನಿಂದ ಮಣ್ಣಿಗೆ ಏನನ್ನೋ ಒತ್ತುತ್ತಾಳೆ.

ರಾಮವ್ವ ತಾಟನ್ನು ಒಮ್ಮೆ ಅಲುಗಿಸಿ ಗುಲಗಂಜಿಗಳನ್ನು ಸಮ ಮಾಡುತ್ತಾರೆ. ಮುಂದಿನ ಹಿಡಿಮಣ್ಣು ಕೈಗೆತ್ತಿಕೊಳ್ಳುತ್ತಾರೆ.

‘ನಾ ನೋಡಿಲ್ಲ ಅಂತ ಬರೀರಿ,’ ಎನ್ನುತ್ತಾರೆ.