ಮೂವರೂ ಹತ್ತದ ಮೆಟ್ಟಿಲು

ಹೋದ ವಾರ ಅಕ್ಕನನ್ನು ನೋಡಲು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ಸಿಳಿದು ಎರಡು ಬೀದಿ ದಾಟುವಷ್ಟರಲ್ಲಿ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಊರಿಗೆ ಹೊಸಬರಾದರೆ ನೀವು ಕರ್ಚೀಫು ಹುಡುಕುತ್ತೀರಿ. ನನಗೆ ಮಾತ್ರ ಅದು ಅಪ್ಪನ ವಾಸನೆ. ಅಪ್ಪ ಹಿತ್ತಲಲ್ಲಿ ನಾಲ್ಕು ಚರಕ ಹಾಕಿಕೊಂಡು ನೂಲು ತೆಗೆಯುತ್ತಿದ್ದರು. ದಿನವಿಡೀ ಬಿಸಿನೀರಿನಲ್ಲಿದ್ದು ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮಾತು ಕಡಿಮೆ. ಕೆಲವು ವಿಷಯಗಳಲ್ಲಂತೂ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ರೇಡಿಯೋದಲ್ಲಿ ಕುಟುಂಬ ಯೋಜನೆಯ ಜಾಹೀರಾತು ಬಂದರೆ ಅಮ್ಮನಿಗೆ ಕೆಮ್ಮು ಬರುತ್ತಿತ್ತು, ಅಪ್ಪನಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಶಾಲೆಯೂ ಹಾಗೆಯೇ. ಜೀವಶಾಸ್ತ್ರದ ಮೇಷ್ಟ್ರು ಕಪ್ಪೆಯನ್ನು ಕರುಳಿನವರೆಗೂ ವಿವರಿಸಿದವರು, ಸಂತಾನೋತ್ಪತ್ತಿಯ ಪಾಠ ಬಂದಾಗ “ಇದನ್ನ ಮನೇಲಿ ಓದ್ಕೊಳ್ರಪ್ಪ” ಎಂದು ನಾಲ್ಕು ಹಾಳೆ ಒಟ್ಟಿಗೆ ಮಗುಚಿದರು. ಹೀಗಾಗಿ ಆ ವಿಷಯದಲ್ಲಿ ನಮಗಿದ್ದ ಏಕೈಕ ವಿದ್ವಾಂಸ ನಾಗರಾಜ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು, ರಿಯಾಜ್, ನಾಗರಾಜ ಮೂವರೂ ಎರಡನೇ ಪಿಯುಸಿ. ನಾಗರಾಜ ಒಂದು ಸಲ ಫೇಲಾಗಿದ್ದರಿಂದ ನಮಗಿಂತ ದೊಡ್ಡವನು. ಅವನಿಗೆ ಮೀಸೆ ಬಂದಿತ್ತು, ನಮಗೆ ಬರುವ ಭರವಸೆಯಷ್ಟೇ ಇತ್ತು. ಅವನ ಮಾವನದು ಲಾರಿ. ಅದರಲ್ಲಿ ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ಕಿನ ಹಿಂದಿನ ಗಲ್ಲಿಯ ಒಂದು ಲಾಡ್ಜಿಗೆ, ಹೆಂಗಸರ ಬಳಿ, ಹೋಗಿಬಂದೆನೆಂದು ಅವನು ಹೇಳುತ್ತಿದ್ದ. ಹೇಳಿದಷ್ಟೂ ಸಲ ಕಥೆ ಉದ್ದವಾಗುತ್ತಿತ್ತು. ನಾವು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆವು.

ಒಂದು ದಿನ ಅವನೆಂದ: “ಏಮಿರಾ, ಬರೀ ಕೇಳಿಸ್ಕೊಂಡೇ ಮುದುಕ್ರಾಗ್ತೀರಾ? ಭಾನುವಾರ ಹೋಗಣ. ಧೈರ್ಯ ಇದ್ರೆ ಬನ್ರೋ, ಇಲ್ಲಾಂದ್ರೆ ಸೀರೆ ಉಟ್ಕೊಂಡು ಮನೇಲಿರಿ.”

ರಿಯಾಜ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಇನ್ನೊಬ್ಬನ ಮುಖದಲ್ಲಿ ಧೈರ್ಯ ಕಂಡಿತು. “ಹೋಗಣ” ಎಂದೆವು.

ಆಗಲೇ ಬಸ್‌ ನಿಲ್ದಾಣದ ಗೋಡೆಯ ಮೇಲೆ ಏಡ್ಸ್ ಎಂಬ ಪದ ದಪ್ಪ ಅಕ್ಷರಗಳಲ್ಲಿ ಬಂದಿತ್ತು. ದಿನವೂ ಓದುತ್ತಿದ್ದೆ. ಅದು ಹೇಗೆ ಬರುತ್ತದೆ, ಹೇಗೆ ಬಾರದಂತೆ ನೋಡಿಕೊಳ್ಳಬೇಕು ಎಂದು ಕೇಳಲು ಮಾತ್ರ ಯಾರೂ ಇರಲಿಲ್ಲ. ನಾಗರಾಜನನ್ನು ಕೇಳಿದ್ದಕ್ಕೆ, “ಅದೆಲ್ಲ ಬಾಂಬೇಲಿ ಕಣೋ” ಎಂದು ಕೈಯಾಡಿಸಿದ್ದ. ನಂಬಿಬಿಟ್ಟೆ. ನಂಬುವುದು ಸುಲಭವಾಗಿತ್ತು.

ಮನೆಯಲ್ಲಿ ಬೆಂಗಳೂರಿನಿಂದ ಪರೀಕ್ಷೆಯ ಗೈಡು ತರಬೇಕೆಂದು ಹೇಳಿದೆ. ಭಾನುವಾರ ಬೆಳಿಗ್ಗೆ ಇಸ್ತ್ರಿ ಷರ್ಟು ಹಾಕಿಕೊಂಡು ಹೊರಟಾಗ ಅಪ್ಪ ಚರಕದ ಮುಂದಿನಿಂದ ಎದ್ದು ಬಂದರು. ಕೆಲಸದ ನಡುವೆ ಅವರು ಹಾಗೆ ಏಳುವವರಲ್ಲ. ಬಾಗಿಲ ಬಳಿ ನಿಂತು ಟವೆಲಿನಲ್ಲಿ ಕೈ ಒರೆಸಿದರು, ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

“ನೋಡಪ್ಪ,” ಎಂದರು, ನನ್ನ ಮುಖ ನೋಡದೆ. “ಜೊತೆಗಾರರು ಎಲ್ಲೆಲ್ಲಿಗೋ ಕರೀತಾರೆ. ಅರ್ಧ ದಾರೀಲಿ ಬೇಡ ಅನ್ನಿಸಿದ್ರೆ, ತಿರುಗ್ಕೊಂಡು ಬಂದ್ಬಿಡು. ನಾನು ಯಾಕೆ ಏನು ಅಂತ ಕೇಳಲ್ಲ.”

ನನ್ನ ಕಿವಿ ಬಿಸಿಯಾಯಿತು. “ಗೈಡ್ ತರೋಕೆ ಹೋಗ್ತಿದೀನಪ್ಪ” ಎಂದೆ.

“ಹೂಂ, ಗೈಡೇ,” ಎಂದು ಅಪ್ಪ ಹಿತ್ತಲಿಗೆ ಹೋದರು.

ಬಸ್ಸು ನಮ್ಮ ಪಕ್ಕದ ವಿಜಯಪುರ ದಾಟುವವರೆಗೂ ನಾಗರಾಜನೇ ಮಾತಾಡುತ್ತಿದ್ದ. ದೇವನಹಳ್ಳಿ ಹತ್ತಿರ ಬರುವ ಹೊತ್ತಿಗೆ ಅವನ ಮಾತೂ ನಿಂತಿತು. ಬಸ್ಸು ನಿಂತಾಗ ಇಳಿದು ವಾಂತಿ ಮಾಡಿದ. ಬೆಳಿಗ್ಗೆ ತಿಂದ ಬೋಂಡ ಸರಿಯಿರಲಿಲ್ಲ ಎಂದ. ನಾನೂ ಇಳಿದು ಮುಖಕ್ಕೆ ನೀರು ಹಾಕಿಕೊಂಡೆ. ನಾನು ಬೋಂಡ ತಿಂದಿರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿಳಿದು ಗಲ್ಲಿ ಹೊಕ್ಕೆವು. ನಾಗರಾಜ ಒಂದು ತಿರುವಿನಲ್ಲಿ ಎಡಕ್ಕೆಂದ, ಮತ್ತೆ ಬಲಕ್ಕೆಂದ. ಕೊನೆಗೆ ಹಸಿರು ಬಣ್ಣ ಬಳಿದ ಒಂದು ಲಾಡ್ಜಿನ ಎದುರು ಟೀ ಅಂಗಡಿಯಲ್ಲಿ ನಿಂತೆವು. ಲಾಡ್ಜಿನ ಕಿರಿದಾದ ಮೆಟ್ಟಿಲು ಮೇಲಕ್ಕೆ ಹೋಗಿ ಕತ್ತಲಲ್ಲಿ ಮಾಯವಾಗುತ್ತಿತ್ತು. ಕೆಳಗಿನ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಕೂತು ತನ್ನ ಪುಟ್ಟ ಮಗಳಿಗೆ ಜಡೆ ಹಾಕುತ್ತಿದ್ದಳು. ಅವಳು ಅಲ್ಲಿಯವಳೋ, ದಾರಿಯಲ್ಲಿ ಹೋಗುತ್ತಾ ಕೂತವಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾಗರಾಜನ ಕಥೆಯಲ್ಲಿ ಜಡೆ ಹಾಕುವವರು ಯಾರೂ ಇರಲಿಲ್ಲ. ಮಗು “ನೋಯ್ತದಮ್ಮಾ” ಎಂದಿತು.

ನನ್ನ ಕೈಯಲ್ಲಿ ಟೀ ತಣ್ಣಗಾಗಿತ್ತು. “ನಾನು ಬರಲ್ಲ ಕಣ್ರೋ,” ಎಂದೆ. ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. “ನೀವು ಹೋಗೋದಾದ್ರೆ ಹೋಗಿ. ಬೇಕಾದ್ರೆ ಕಾಲೇಜಲ್ಲೆಲ್ಲ ಹೇಳ್ಕೊಳ್ಳಿ. ನಾನು ಮನೆಗೆ ಹೋಗ್ತೀನಿ.”

ಇಬ್ಬರಿಂದಲೂ ನಗು ಬರುತ್ತದೆಂದು ಕಾದೆ. ಬರಲಿಲ್ಲ. ರಿಯಾಜ್ ಒಂದು ದೊಡ್ಡ ಉಸಿರು ಬಿಟ್ಟ. “ನಂಗೂ ಬೇಡ ಕಣೋ. ನೀನು ಹೊರಟ್ಯಲ್ಲ ಅಂತ ನಾನು ಬಂದೆ.”

“ನೀನು ಹೊರಟ್ಯಲ್ಲ ಅಂತ ನಾನು ಬಂದಿದ್ದು!”

ಇಬ್ಬರೂ ನಾಗರಾಜನ ಕಡೆ ತಿರುಗಿದೆವು. ಅವನು ಲೋಟದೊಳಗೇ ನೋಡುತ್ತಿದ್ದ. “ಯಾವ ಲಾಡ್ಜು ಅಂತ ನಂಗೂ ಗೊತ್ತಿಲ್ಲ ಕಣ್ರೋ,” ಎಂದ. “ಲಾರಿ ಯಶವಂತಪುರದಲ್ಲೇ ನಿಲ್ತಿತ್ತು. ನಾನು ಕೆಳಗೇ ಇಳೀತಿರ್ಲಿಲ್ಲ.”

ಅವನ ಕಣ್ಣಲ್ಲಿ ನೀರಿತ್ತು. ರಿಯಾಜ್ ಅವನ ಬೆನ್ನಿಗೊಂದು ಗುದ್ದಿದ, ನಾನೊಂದು ಗುದ್ದಿದೆ. ಆಮೇಲೆ ನಗು ಹಿಡಿಯಿತು ನೋಡಿ, ಟೀ ಅಂಗಡಿಯವನು ಮೂವರನ್ನೂ ಬೈದು ಓಡಿಸುವವರೆಗೂ ನಿಲ್ಲಲಿಲ್ಲ. ಎದೆಯ ಮೇಲಿಂದ ಗೂಡಿನ ಮೂಟೆ ಇಳಿಸಿದ ಹಾಗಾಗಿತ್ತು. ಹೊಟ್ಟೆ ಬಿರಿಯುವಂತೆ ಮಸಾಲೆದೋಸೆ ತಿಂದೆವು. ನಿಜವಾಗಿಯೂ ಗೈಡು ಕೊಂಡೆವು.

ಸಂಜೆ ಮನೆ ಸೇರಿದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. ಗೈಡು ತೋರಿಸಿದೆ. ಅದನ್ನು ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ನೋಡಿ, “ಒಳ್ಳೇದಾಯ್ತು, ಊಟ ಮಾಡೋಗು” ಎಂದರು. ಹೇಳಿದಂತೆಯೇ ಏನೂ ಕೇಳಲಿಲ್ಲ.

ಎಲ್ಲರಿಗೂ ಹೀಗಾಗಲಿಲ್ಲ. ನಮಗಿಂತ ಒಂದು ವರ್ಷ ಮುಂದಿದ್ದ ಹುಡುಗನೊಬ್ಬ ಬೇರೆ ಜೊತೆಗಾರರ ಸಂಗಡ ಅಂಥ ಮೆಟ್ಟಿಲು ಹತ್ತಿದ್ದ. ಕೆಲವು ವರ್ಷಗಳ ಮೇಲೆ ಬಡಕಲಾಗಿ ಊರಿಗೆ ಮರಳಿದ. ಕಾಯಿಲೆಯ ಹೆಸರನ್ನು ಮನೆಯವರೂ ಹೇಳಲಿಲ್ಲ, ಊರೂ ಹೇಳಲಿಲ್ಲ. ಅವನು ಸತ್ತಾಗಲೂ ಜ್ವರವೆಂದೇ ಹೇಳಿದರು. ಅವನು ನಮಗಿಂತ ಕೆಟ್ಟವನಾಗಿರಲಿಲ್ಲ. ಅವನ ಗುಂಪಿನಲ್ಲಿ ಮೊದಲು ಬೇಡ ಅನ್ನುವವನೊಬ್ಬ ಇರಲಿಲ್ಲ, ಅಷ್ಟೆ.

ಅಪ್ಪ ಹೋಗಿ ಹತ್ತು ವರ್ಷವಾಯಿತು. ಹೋದ ವಾರ ಊಟದ ನಂತರ ಎಲೆಅಡಿಕೆ ಹಾಕಿಕೊಳ್ಳುತ್ತಾ ಈ ಕಥೆಯನ್ನು ಮೊದಲ ಸಲ ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ.

“ಅಪ್ಪಂಗೆ ಹೇಳಿದ್ದು ನಾನೇ ಕಣೋ,” ಎಂದಳು. “ನೀನೂ ರಿಯಾಜೂ ಜಗಲೀಲಿ ಪಿಸಿಪಿಸಿ ಮಾತಾಡ್ತಿದ್ದಿದ್ದು ಕಿಟಕೀಲಿ ಕೇಳಿಸ್ತು. ಮೊದ್ಲು ಬೆಲ್ಟು ತಗೊಂಡ್ರು. ಹೊಡೆದ್ರೆ ಈ ಭಾನುವಾರ ನಿಲ್ತಾನೆ, ಮುಂದಿನ ಭಾನುವಾರ ಹೇಳ್ದೆ ಹೋಗ್ತಾನೆ ಅಂದೆ. ‘ಮತ್ತೆ ಏನಂತ ಹೇಳ್ಲಮ್ಮ? ನಮ್ಮಪ್ಪ ನಂಗೆ ಇಂಥದ್ದೇನೂ ಹೇಳ್ಕೊಟ್ಟಿಲ್ವಲ್ಲ’ ಅಂತ ಕೂತ್ಬಿಟ್ರು. ಮೂರು ದಿನ ಚರಕದ ಮುಂದೆ ತುಟಿ ಅಲ್ಲಾಡಿಸ್ತಾ ಇದ್ರು. ಅಮ್ಮ ಮಂತ್ರ ಹೇಳ್ಕೊಳ್ತಿದಾರೆ ಅನ್ಕೊಂಡಿದ್ಲು.”

ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ಇಷ್ಟು ವರ್ಷ ನಾನು ಪಾರಾಗಿದ್ದು ನನ್ನ ಬುದ್ಧಿವಂತಿಕೆಯಿಂದ ಎಂದುಕೊಂಡಿದ್ದೆ. ಹಾಗಲ್ಲವೆಂದು ತಿಳಿದಾಗ, ವಿಚಿತ್ರ ನೋಡಿ, ಬೇಸರವಾಗಲಿಲ್ಲ, ಮನಸ್ಸು ಹಗುರವಾಯಿತು.

ನನ್ನ ಮಗನೂ ಈಗ ಪಿಯುಸಿ. ಮನೆಗೆ ಬಂದವನೇ ಅವನ ಕೋಣೆಯ ಬಾಗಿಲು ತಟ್ಟಿದೆ. ಎಂದೂ ತಟ್ಟದವನು ತಟ್ಟಿದ್ದಕ್ಕೆ ಅವನಿಗೆ ಗಾಬರಿ. ಮಂಚದ ಅಂಚಿನಲ್ಲಿ ಕೂತು, ತೊದಲುತ್ತಾ, ನಾಗರಾಜನ ವಾಂತಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಮೇಷ್ಟ್ರು ಮಗುಚಿದ ಆ ನಾಲ್ಕು ಹಾಳೆಯಲ್ಲಿ ಇದ್ದದ್ದನ್ನೂ ಹೇಳಿದೆ.

ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ಕಿವಿಯ ಹೆಡ್‌ಫೋನು ಪೂರ್ತಿ ತೆಗೆದು ಪಕ್ಕಕ್ಕಿಟ್ಟ.

“ಅಪ್ಪ, ನಮ್ಮ ಕ್ಲಾಸಲ್ಲೂ ನಾಗರಾಜನ ಥರ ಒಬ್ಬ ಇದಾನೆ,” ಎಂದ.

ನಾನು ಕಾಲು ಮೇಲೆತ್ತಿ ಮಂಚದ ಮೇಲೆ ಸರಿಯಾಗಿ ಕೂತುಕೊಂಡೆ.