ಮುನಿಗಂಗಮ್ಮ ವಿಚಾರಣೆಗೆ ತೆಗೆದುಕೊಂಡ ಓಟದ ಸಿನಿಮಾ

ಮುನಿಗಂಗಮ್ಮ ಬಂಗಾರಪೇಟೆಯ ಟಾಕೀಸಿಗೆ ಬಂದದ್ದು ಮನರಂಜನೆಗಲ್ಲ, ವಿಚಾರಣೆಗೆ. ಮಗಳು ಅಂಬಿಕ ಓಟದಲ್ಲಿ ಜಿಲ್ಲೆಗೇ ಮೊದಲಿಗಳಾಗಿ ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದಳು. ಸೋಮವಾರ ಸೇರಬೇಕು. ಅಮ್ಮ ಇನ್ನೂ ಹೂಂ ಅಂದಿರಲಿಲ್ಲ. ಮನೆಯ ಹಸು ಅಂಬಿಕಳ ಕೈಗಲ್ಲದೆ ಹಾಲು ಬಿಡುತ್ತಿರಲಿಲ್ಲ. ಅಮ್ಮ ಕೂತರೆ ಬಾಲದಲ್ಲಿ ಕಪಾಳಕ್ಕೆ ಬಾರಿಸುತ್ತಿತ್ತು. ಡೈರಿಗೆ ಹಾಲು ಹೋಗದಿದ್ದರೆ ಸಂಸಾರ ನಡೆಯದು.

"ಈ ಪಿಚ್ಚರ್ ಒಂದು ನೋಡಮ್ಮ, ನನ್ನಂತೋರ ಕತೇನೇ" ಎಂದು ಮಗಳು ಮ್ಯಾಟಿನಿಗೆ ಎಳೆದು ತಂದಿದ್ದಳು. ಪಕ್ಕದ ಮನೆಯ ಸಾಕ್ಷಿಯಾಗಿ ನಾನೂ ಇದ್ದೆ.

ಪರದೆಯ ಮೇಲೆ ನಮ್ಮ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಬೂದುದಿಬ್ಬಗಳಂಥದೇ ದಿಬ್ಬಗಳು. ಮಂಜಿನೊಳಗೆ ಹುಡುಗಿಯರು ಓಡುತ್ತಿದ್ದರು, ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತೆ. ಟಾಕೀಸಿನ ಹಳೆಯ ಫ್ಯಾನುಗಳೂ ಆ ಮಂಜನ್ನೇ ನಮ್ಮತ್ತ ಬೀಸುತ್ತಿದ್ದ ಹಾಗಿತ್ತು. ಸಿನಿಮಾದ ಕೋಚು ಬಾಯಿ ತೆರೆದರೆ ಮಾತ್ರ ಮಾರಿಕುಪ್ಪಂ ರೈಲಿನ ಕೋಚಿನಷ್ಟುದ್ದ ಭಾಷಣ. ಗಣಿ ಮುಚ್ಚಿದ ಊರಿನಲ್ಲಿ ಚಿನ್ನ ಸಲೀಸಾಗಿ ಸಿಗುವುದು ಕ್ಲೈಮ್ಯಾಕ್ಸಿನಲ್ಲೇ ಎಂಬುದೂ ಖಾತ್ರಿಯಾಯಿತು. ಆದರೆ ನಡುವೆ ಒಂದು ಕಡೆ, ಸೋತ ಹುಡುಗಿ ನೆಲದ ಮೇಲೆ ಕೂತು ಬೂಟು ಬಿಚ್ಚುತ್ತಾಳೆ. ಸಂಗೀತವಿಲ್ಲ. ಬರೀ ಉಸಿರು.

ಮುನಿಗಂಗಮ್ಮ ಮುಂದಕ್ಕೆ ಬಾಗಿದಳು. "ಇದು ದಿಟ ಕಣೇ. ಕೋಲಾರ್‌ದಾಗೆ ಓದ್ವರ್ಸ ಸೋತು ಬಂದ ದಿನ ನೀನೂ ಇಂಗೇ ಕೂತಿದ್ದೆ."

ಸಿನಿಮಾ ಮುಗಿಸಿ ಪ್ಲಾಟ್‌ಫಾರಂನಲ್ಲಿ ರೈಲಿಗೆ ಕಾಯುವಾಗ ಅಂಬಿಕ ಕೇಳಿದಳು: "ಎಂಗಿತ್ತಮ್ಮ?"

"ಆ ಉಸ್ರು ಬಾಳ ಚೆಂದಾಗಿತ್ತು. ಆದ್ರೆ ಅವಳು ಬೆಳಗಾನ ಓಡ್ತಾವ್ಳೆ, ಮನೇಲಿ ಅಸ ಕರೆಯೋರು ಯಾರೇ?"

"ಅಯ್ಯೋ, ಸಿನಿಮಾದಾಗೆ ಅಸ ಇರಾಕಿಲ್ಲಮ್ಮ."

"ಲೋಟ ತುಂಬ ಆಲು ಕುಡೀತಾಳಲ್ಲ! ಅದೇನು ಆಕಾಸದಿಂದ ಸುರೀತೈತಾ?"

ರೈಲು ಬಂದಾಗ ಅಂಬಿಕ ಮೊದಲು ಹತ್ತಿ ಮೂಲೆಯ ಸೀಟಿನಲ್ಲಿ ಕೂತಳು. ರೈಲಿನ ಕಿಟಕಿಯಲ್ಲಿ ರಾಗಿಹೊಲಗಳು ಇಳಿಬಿಸಿಲಲ್ಲಿ ತೇಲಿ ಹೋದವು. ಅವಳ ಹಾಸ್ಟೆಲ್ಲೂ ಅವುಗಳ ಜೊತೆ ಹಿಂದಕ್ಕೆ ಸರಿಯುತ್ತಿದೆ ಅನ್ನಿಸಿತು. ಮುನಿಗಂಗಮ್ಮ ಮಗಳನ್ನೇ ನೋಡುತ್ತಿದ್ದಳು.

ದಿನವೂ ಹಾಲು ಕರೆಯುವವರು ಊರಲ್ಲಿಲ್ಲದಾಗ ಅವರು ಉಟ್ಟು ಬಿಟ್ಟ ಸೀರೆ ಸುತ್ತಿಕೊಂಡು ಹಸುವಿನ ಬಳಿ ಕೂರುವುದು ನಮ್ಮ ಕಡೆಯ ಹಳೆಯ ಉಪಾಯ. ಅಂಬಿಕ ಸೀರೆ ಉಡುವವಳಲ್ಲ. ಮನೆಗೆ ಬಂದ ಮುನಿಗಂಗಮ್ಮ ಹಗ್ಗದ ಮೇಲಿಂದ ಮಗಳ ಒಗೆಯದ ಓಟದ ಜರ್ಸಿಯನ್ನು ಎಳೆದು, ಸೀರೆಯ ಮೇಲೇ ತೊಟ್ಟು, ಬೆನ್ನ ಮೇಲೆ ನಂಬರು ಹೊತ್ತು ಕೊಟ್ಟಿಗೆಗೆ ನಡೆದಳು. ಓಟದ ಜರ್ಸಿಗೂ ಜರ್ಸಿ ತಳಿಯ ಹಸುವಿಗೂ ಬೀಗತನ ಕುದುರೀತೇ ಎಂದು ನಾವಿಬ್ಬರೂ ಗೋಡೆಯ ಮರೆಯಲ್ಲಿ ನಿಂತೆವು. ಹಸು ಅವಳ ಹೆಗಲು ಮೂಸಿತು. ಮತ್ತೆ ಮೂಸಿತು. ಬಾಲ ಏಳಲಿಲ್ಲ. ಬಿಂದಿಗೆಯ ತಳದಲ್ಲಿ ಮೊದಲ ಧಾರೆ ಸದ್ದು ಮಾಡಿತು.

"ಸೋಮವಾರ ಯಾವ ರೈಲೇ?" ಅಮ್ಮ ತಿರುಗದೆಯೇ ಕೂಗಿದಳು.

ಅಂಬಿಕ ಗೋಡೆಯ ಮರೆಯಿಂದ ಈಚೆ ಬಂದಳು. "ಬೆಳಗಾನದ್ದು... ಅಂಗಿ ವಾಸ್ನೆ ಓಗ್ಬುಟ್ರೆ?"

"ರಜಕ್ಕೆ ಬಂದು ಬೆವರಾಕಿ ಓಗು."