ಬಿರುಕಿನ ಮೇಲಿನ ಮಂಚ

ಬಿರುಕಜ್ಜಿಯ ಮುತ್ತಾತ, ಬೆಂಕಿಬೆಟ್ಟ ಬಾಯಿಬಿಟ್ಟ ದಿನ ಕೊನೆಯ ಕುರಿಮರಿ ಇಳಿಯುವವರೆಗೂ ಗಂಟೆ ಬಾರಿಸಿ ಊರನ್ನೇ ಉಳಿಸಿದವನು. ಅಪ್ಪ, ಬಿಸಿನೀರ ಬುಗ್ಗೆಗೆ ದಿನಾ ಕೈ ಅದ್ದಿ ಬೆಟ್ಟದ ಕಾವು ಹೇಳುತ್ತಿದ್ದವನು. ಅಜ್ಜಿಯ ಪಾಲಿಗೆ ಬಂದದ್ದು ಆ ಗಂಟೆ, ಜೊತೆಗೆ ಮನೆಯ ನೆಲವನ್ನು ಉದ್ದಕ್ಕೂ ಸೀಳಿದ ಬಿರುಕು. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಬಿರುಕಿನ ಅಗಲಕ್ಕೆ ದಾರ ಹಿಡಿದು ಗಂಟು ಹಾಕುತ್ತಾಳೆ. ದಾರದ ಉಂಡೆ ಈಗ ಕುಂಬಳಕಾಯಿ ಗಾತ್ರ. ಬೆಟ್ಟ ಗುಡುಗಿದರೆ, "ಸುಮ್ನಿರೋ, ಕೇಳಿಸ್ತು!" ಎಂದು ಗದರುತ್ತಾಳೆ. ಅದು ಸಿಡಿಯುವುದೇಕೆಂದು ಯಾರಾದರೂ ಕೇಳಿದರೆ ಮಾತ್ರ ಅವಳ ದನಿ ತಗ್ಗುತ್ತದೆ: "ಪಾತಾಳದಲ್ಲಿ ಕಲ್ಲೇ ಕರಗಿ ಪಾಕ ಆಗುತ್ತೆ ಕಣಪ್ಪಾ. ಕರಗಿದ್ದು ಹಗುರ, ಮೇಲೇರುತ್ತೆ. ಏರಿದ ಹಾಗೆ ಮೇಲಿನ ಭಾರ ಕಮ್ಮಿಯಾಗಿ, ಒಳಗೆ ಅಡಗಿರೋ ಆವಿ ಉಬ್ಬುತ್ತೆ. ದಾರಿ ಸಿಕ್ಕಿದ್ರೆ ಹರಿಯುತ್ತೆ, ಬಾಯಿ ಕಟ್ಟಿದ್ರೆ ಬೆಟ್ಟದ ತಲೆನೇ ಹಾರಿಸುತ್ತೆ. ನಾವು ನಿಂತಿರೋ ನೆಲಾನೂ ಒಂದು ಕಾಲಕ್ಕೆ ಹರಿದು ಬಂದದ್ದೇ!" ಮೊನ್ನೆ ಯಂತ್ರ ಹೊತ್ತು ಬಂದ ಎಂಜಿನಿಯರ್, ಬೆಟ್ಟ ಒಂದೇ ತಿಂಗಳಲ್ಲಿ ಗೇಣುದ್ದ ಉಬ್ಬಿದೆ ಎಂದ. ಅಜ್ಜಿ ದಾರ ತೋರಿಸಿ, "ಗಂಟು ಆಗ್ಲೇ ಹೇಳಿತ್ತು" ಎಂದಳು. ಆಗ ಅವನ ಕಣ್ಣು ಅವಳ ಮಂಚದ ಮೇಲೆ ಬಿತ್ತು. ಎರಡು ಕಾಲು ಬಿರುಕಿನ ಆಚೆ, ಎರಡು ಈಚೆ! "ಅಯ್ಯೋ ಅಜ್ಜೀ, ಇರಿ, ಈ ಕಡೆ ಎಳೆದುಕೊಡ್ತೀನಿ." "ಮಂಚ ಮುಟ್ಬೇಡ ಮಗಾ. ಬೆಟ್ಟ ಮಗ್ಗುಲು ಬದಲಿಸಿದ್ರೆ ಮೊದಲು ಉರುಳ್ಬೇಕಾದವಳು ನಾನು. ಉರುಳಿದ್ರೆ ತಾನೇ ಎದ್ದು ಗಂಟೆ ಹೊಡೆಯೋದು?"